ಕೇಳಿಸಿದ್ದನ್ನಷ್ಟೇ ಬರೆಯಿರಿ

ಜೂನ್ 3

ಅತ್ತೆ,

ಈ ಮಳೆಗಾಲದ ಕಪ್ಪೆ ಸಮೀಕ್ಷೆಯ ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ಎಲ್ಲ ಹೋದ ವರ್ಷದಂತೆಯೇ. ವಾರಕ್ಕೊಂದು ಮುಸ್ಸಂಜೆ, ಗಿರಣಿಯ ಹಿಂದಿನ ಹೊಂಡದ ದಡದಲ್ಲಿ ಅದೇ ಕಲ್ಲಿನ ಮೇಲೆ ಕತ್ತಲು ಕವಿಯುವವರೆಗೆ ಕೂತು, ಯಾವ ಯಾವ ಕಪ್ಪೆಯ ದನಿ ಕೇಳಿಸಿತೆಂದು ಗುರುತು ಹಾಕುವುದು. ಒಂದೇ ಕೂಗಿದರೆ ‘ಒಂಟಿ’. ಬಿಡಿಬಿಡಿಯಾಗಿ ಎಣಿಸಲು ಬಂದರೆ ‘ಕೆಲವು’. ಒಂದರ ಮೇಲೊಂದು ಬಿದ್ದು ಎಣಿಕೆಗೆ ಸಿಗದಿದ್ದರೆ ‘ಗುಂಪು’. ಏನೂ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ, ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ನೀವು ಹೋಗಲೇ ಇಲ್ಲ ಎಂದಾಗುತ್ತದೆ. ‘ಇಲ್ಲ’ ಎಂದರೆ ನೀವು ಹೋಗಿ ಕಾದಿರಿ, ಅದು ಬರಲಿಲ್ಲ ಎಂದು. ನಮ್ಮ ಕೆಲಸದಲ್ಲಿ ಇವೆರಡೂ ಒಂದೇ ಅಲ್ಲ.

ಊರೂರಿನ ಸ್ವಯಂಸೇವಕರಿಗೆ ಈ ಸಲ ಒಂದು ಪರೀಕ್ಷೆ ಇಟ್ಟಿದ್ದಾರೆ. ಕಪ್ಪೆಗಳ ದನಿ ಕೇಳಿಸಿ ಯಾವುದೆಂದು ಕೇಳುತ್ತಾರೆ. ನಿಮಗೆ ಅದು ಬೇಡವೆಂದು ನಾನೇ ಬರೆದುಕೊಟ್ಟೆ. “ಇವರಿಗೆ ಕಲಿಸಿದ್ದು ಇವರ ಮಗ. ಆ ಊರಿನ ಕಪ್ಪೆಗಳನ್ನು ಅವರಷ್ಟು ಬಲ್ಲವರು ನಮ್ಮಲ್ಲಿ ಇರಲಿಲ್ಲ” ಅಂದೆ. ಮುಖ್ಯಸ್ಥರು ಒಪ್ಪಿ ಸಹಿ ಹಾಕಿದರು. ಈ ಆಫೀಸಿನಲ್ಲಿ ಇನ್ನೂ ಅವರ ಹೆಸರೊಂದೇ ಸಾಕಾಗುತ್ತದೆ.

ಭಾನುವಾರ ಫೋನ್ ಮಾಡಿದ್ದೆ. ನೀವು ಬೇಗ ಇಟ್ಟುಬಿಟ್ಟಿರಿ.

ನಿಮ್ಮ ಸೊಸೆ


ಜೂನ್ 21

ತಾಯಿ,

ಬೇಗ ಇಡದೆ ಏನು ಮಾಡಲಿ? ಈಗಿನ ಫೋನುಗಳಲ್ಲಿ ನಿನ್ನ ಮಾತು ಬಾಯಲ್ಲಿ ಬಟ್ಟೆ ತುರುಕಿಕೊಂಡು ಆಡಿದ ಹಾಗಿರುತ್ತದೆ. ಕಾಗದ ಬರೆ. ಕಾಗದ ಗೊಣಗುವುದಿಲ್ಲ.

ಮಳೆ ಚೆನ್ನಾಗಿ ಹಿಡಿದಿದೆ. ಹೊಂಡ ತುಂಬಿ ಮೂರನೇ ಮೆಟ್ಟಿಲು ಮುಳುಗಿದೆ. ದೊಡ್ಡ ಕಪ್ಪೆಗಳು ಮುರಿದ ಬಾಗಿಲು ಎಳೆದ ಹಾಗೆ ಒಂದೇ ಸಮ ಕೂಗುತ್ತಿವೆ. ಅದಕ್ಕೆ ‘ಗುಂಪು’ ಹಾಕಿದ್ದೇನೆ. ಎಣಿಸಲು ಹೋಗಿ ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತಾಯಿತು, ಒಂದನ್ನು ಹಿಡಿದರೆ ಎರಡು ಹಾರಿಹೋಗುತ್ತವೆ. ಹುಲ್ಲಿನಲ್ಲಿರುವ ಕಂದುಬಣ್ಣದ್ದು ‘ಕೆಲವು’. ಗಿಲಕಿಗಪ್ಪೆ ಮಾತ್ರ ‘ಇಲ್ಲ’. ಈ ವರ್ಷವೂ.

ಹೆಬ್ಬೆರಳಿನ ಉಗುರಿನಷ್ಟಿದ್ದ ಅದಕ್ಕೆ ನಮ್ಮ ಪುಟ್ಟನೇ ಆ ಹೆಸರಿಟ್ಟದ್ದು ನಿನಗೆ ನೆನಪಿರಬಹುದು. ‘ಮಗುವಿನ ಕೈಯಲ್ಲಿ ಗಿಲಕಿ ಅಲ್ಲಾಡಿದ ಹಾಗಿದೆ ನೋಡಮ್ಮ’ ಎನ್ನುತ್ತಿದ್ದ. ಅವನ ಪುಸ್ತಕಗಳಲ್ಲಿದ್ದ ಉದ್ದದ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಅವನು ಆಸ್ಪತ್ರೆಯಿಂದ ಬಾರದೇ ಹೋದ ವರ್ಷ ಒಂದೆರಡು ಸಲ ಕೇಳಿತ್ತು ಎಂದು ನೆನಪು. ಆಮೇಲೆ ಇಲ್ಲ.

ಗಿರಣಿಯ ಕಾವಲುಗಾರ ಮೀಸೆ ಬಿಟ್ಟಿದ್ದಾನೆ. ಪೊರಕೆಯಷ್ಟು ದಪ್ಪ. ಅವನು ಏನು ಹೇಳಿದನೋ ದೇವರಿಗೇ ಗೊತ್ತು. ಗಿರಣಿ ನಡೆಯುತ್ತಿದ್ದಾಗ ನೂಲುವ ಖಾತೆಯಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತಾಡಿಕೊಂಡವರು, ಆ ಯಂತ್ರಗಳ ಅಬ್ಬರದಲ್ಲಿ ಇನ್ನೇನು ದಾರಿ? “ಅದನ್ನ ಬೋಳಿಸಯ್ಯಾ, ನಿನ್ನ ಮಾತು ಕೂದಲಲ್ಲಿ ಸಿಕ್ಕಾಕ್ಕೊಳ್ತಿದೆ” ಅಂದೆ. ನಕ್ಕ. ನಕ್ಕದ್ದು ಮಾತ್ರ ತಿಳಿಯಿತು.

ನಿನ್ನ ಅತ್ತೆ


ಜುಲೈ 6

ಅತ್ತೆ,

ಹಾಳೆ ತಲುಪಿತು. ನಿಮ್ಮಷ್ಟು ಅಚ್ಚುಕಟ್ಟಾಗಿ ತುಂಬುವವರು ಕಡಿಮೆ. ದೊಡ್ಡ ಕಪ್ಪೆ, ಕಂದು ಕಪ್ಪೆಯ ಲೆಕ್ಕವೆಲ್ಲ ಅಕ್ಕಪಕ್ಕದ ಊರುಗಳಿಂದ ಬಂದದ್ದಕ್ಕೆ ಸರಿಯಾಗಿ ಹೊಂದುತ್ತದೆ. ಆದ್ದರಿಂದಲೇ ನಿಮ್ಮ ‘ಇಲ್ಲ’ವನ್ನು ನಂಬದೆ ವಿಧಿಯಿಲ್ಲ.

ಗಿಲಕಿಗಪ್ಪೆ ಸಿಗುವ ಜಾಗಗಳೇ ಬೆರಳೆಣಿಕೆಯಷ್ಟು. ಅದು ಎಲ್ಲಾದರೂ ಇದೆ ಎಂದು ದಾಖಲಾದರೆ ಆ ಜಾಗವನ್ನು ಯಾರೂ ಮುಟ್ಟುವಂತಿಲ್ಲ. ನಿಮ್ಮ ಹೊಂಡ ಇಷ್ಟು ದಿನ ಉಳಿದದ್ದೇ ಅದರಿಂದ. ಸತತವಾಗಿ ಮೂರು ಮಳೆಗಾಲ ‘ಇಲ್ಲ’ ಎಂದು ಬಂದರೆ ಪಟ್ಟಿಯಿಂದ ತೆಗೆಯಬೇಕೆಂದು ನಿಯಮ. ಇದು ಮೂರನೆಯದು.

ಇನ್ನೂ ಎರಡು ತಿಂಗಳಿದೆ. ಮಳೆ ನಿಂತ ಸಂಜೆ, ಗಾಳಿ ಇಲ್ಲದಾಗ ಹೋಗಿ. ಜೊಂಡು ಬೆಳೆದ ಮೂಲೆಯ ಕಡೆ ಕಿವಿಗೊಡಿ.

ಮದುವೆಯಾದ ಹೊಸದರಲ್ಲಿ ನಾನೂ ಅವರ ಜೊತೆ ಆ ಕಲ್ಲಿನ ಮೇಲೆ ಕೂತಿದ್ದೆ. ಉಸಿರು ಬಿಟ್ಟರೂ ಬೈಯುತ್ತಿದ್ದರು. ಅಷ್ಟು ಹತ್ತಿರ ಕೂತು ಅಷ್ಟು ಹೊತ್ತು ಮಾತಿಲ್ಲದೆ ಇರಬಹುದೆಂದು ನನಗೆ ಗೊತ್ತಾದದ್ದು ಅಲ್ಲಿ.

ನಿಮ್ಮ ಸೊಸೆ


ಜುಲೈ 27

ತಾಯಿ,

ನೀನು ಹೇಳಿದಂತೆ ಮಾಡಿದೆ. ಗಾಳಿ ಇರಲಿಲ್ಲ. ಜೊಂಡಿನ ಹತ್ತಿರವೇ ಹೋಗಿ ನಿಂತೆ, ಚಪ್ಪಲಿ ಕೆಸರಿನಲ್ಲಿ ಹೂತು ಒಂದು ಅಲ್ಲೇ ಉಳಿಯಿತು. ಗಿಲಕಿಗಪ್ಪೆ ಇಲ್ಲ.

ಕಾವಲುಗಾರ ಎದುರಿಗೆ ಸಿಕ್ಕವನು ಈ ಸಲ ಕೂಗಿಯೇ ಹೇಳಿದ: “ಏನ್ ಕಪ್ಪೆಗಳಮ್ಮಾ ಇವು, ತಲೆ ಒಳಗೆ ಮೊಳೆ ಹೊಡೆದ ಹಾಗೆ. ನಿದ್ದೆಗೆಟ್ಟು ಸಾಯ್ತಿದೀನಿ.” ದೊಡ್ಡವುಗಳ ಕಾಟಕ್ಕೇ ಹೀಗೆನ್ನುತ್ತಾನೆ. ಪುಟ್ಟನ ಗಿಲಕಿ ಕೇಳಿದ್ದರೆ ಮಲಗುತ್ತಿದ್ದನೇನೋ.

ಮನೆಯ ಸುದ್ದಿ ಏನಿದೆ? ನೀನು ಕೊಡಿಸಿದ ಸೀಟಿ ಹೊಡೆಯುವ ಕೆಟಲು ಕೆಟ್ಟಿದೆ. ಮೊನ್ನೆ ನೀರೆಲ್ಲ ಆವಿಯಾಗಿ ತಳ ಸೀದು ಕರಿಬಣ್ಣಕ್ಕೆ ತಿರುಗಿತು, ಸೀಟಿಯ ಸುಳಿವಿಲ್ಲ. ಒಳ್ಳೆಯದೇ. ಇಷ್ಟು ಬಿಕೋ ಎನ್ನುವ ಮನೆಯಲ್ಲಿ ಅದೊಂದು ಕೂಗಿ ಯಾರನ್ನು ಕರೆಯಬೇಕು?

ಒಂದು ಮಾತು. ಕವರಿನ ಮೇಲೆ ವಿಳಾಸ ಬರೆದದ್ದು ನೀನಲ್ಲ. ಅಚ್ಚು ಹಾಕಿದ ಹಾಗೆ ಒಂದೇ ಎತ್ತರದ ಅಕ್ಷರಗಳು. ಹೋದ ಸಲವೂ ಅದೇ ಕೈ. ಯಾರೆಂದು ನಾನು ಕೇಳುತ್ತಿಲ್ಲ. ನೋಡಿದೆ ಎಂದಷ್ಟೇ ಹೇಳಿದೆ.

ನಿನ್ನ ಅತ್ತೆ


ಆಗಸ್ಟ್ 10

ಅತ್ತೆ,

ವಿಳಾಸ ಬರೆದವರು ನಮ್ಮ ಆಫೀಸಿನಲ್ಲಿ ನಕ್ಷೆ ಬರೆಯುವವರು. ಎಲ್ಲರ ಕವರುಗಳನ್ನೂ ಅವರೇ ಬರೆಯುತ್ತಾರೆ.

ಕಹಿ ಸುದ್ದಿಯನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಗರಸಭೆಯಿಂದ ನಮಗೆ ಪತ್ರ ಬಂದಿದೆ. ಗಿರಣಿಯ ಜಾಗದಲ್ಲಿ ಬಸ್ಸು ನಿಲ್ಲುವ ಡಿಪೋ ಮಾಡುತ್ತಾರಂತೆ, ಹೊಂಡವನ್ನು ಮುಚ್ಚಬೇಕಂತೆ. ಆ ಕಪ್ಪೆ ಅಲ್ಲಿ ಇದೆಯೋ ಇಲ್ಲವೋ ಎಂದು ಈ ತಿಂಗಳ ಕೊನೆಯೊಳಗೆ ನಾವು ಬರೆದು ತಿಳಿಸಬೇಕು. ಇದೆ ಎಂದರೆ ಅವರು ಬೇರೆ ಜಾಗ ನೋಡಿಕೊಳ್ಳುತ್ತಾರೆ. ಆ ಊರಿನಿಂದ ನಮಗಿರುವುದು ನಿಮ್ಮ ಹಾಳೆಗಳು ಮಾತ್ರ. ಉತ್ತರಕ್ಕೆ ಸಹಿ ಹಾಕಬೇಕಾದವಳು ನಾನು.

ನಿಮ್ಮ ಸೊಸೆ


ಆಗಸ್ಟ್ 16

ತಾಯಿ,

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಈಗ ನಿನ್ನ ಕಾಲ. ನಾನು ಬೇಡಬೇಕು, ನೀನು ಕೊಡಬೇಕು. ಬೇಡುತ್ತಿದ್ದೇನೆ.

ಈ ವಾರದ ಹಾಳೆಯಲ್ಲಿ ಗಿಲಕಿಗಪ್ಪೆಯ ಎದುರಿಗೆ ಇನ್ನೂ ಏನೂ ಬರೆದಿಲ್ಲ. ಅಲ್ಲಿ ‘ಒಂಟಿ’ ಎಂದು ಬರೆದರೆ ಏನಾಗುತ್ತದೆ? ‘ಗುಂಪು’ ಬೇಡ, ‘ಕೆಲವು’ ಬೇಡ, ಒಂದೇ ಒಂದು. ನೀನು ‘ಹೂಂ’ ಎಂದರೆ ಬರೆಯುತ್ತೇನೆ. ನಿನ್ನನ್ನು ಕೇಳದೆ ಬರೆಯುವುದಿಲ್ಲ, ಅದು ಪುಟ್ಟನ ಕೆಲಸ.

ನನಗೆ ಕಪ್ಪೆಯ ಚಿಂತೆ ಅಷ್ಟೇನೂ ಇಲ್ಲ ಎಂದರೆ ನಿನಗೆ ಕೋಪ ಬರಬಹುದು. ಆ ಕಲ್ಲು ಹೋದರೆ ವಾರಕ್ಕೊಮ್ಮೆ ನಾನು ಎಲ್ಲಿಗೆ ಹೋಗಲಿ? ಅವನ ಸಮಾಧಿ ನೋಡಲು ಹೋಗುವವಳಲ್ಲ ನಾನು, ಕಲ್ಲಿನ ಮೇಲೆ ಕೂರುವವಳು. ಹಾಳೆ ನಿಂತರೆ ಅದರ ಜೊತೆ ಇಡುವ ಈ ಕಾಗದವೂ ನಿಲ್ಲುತ್ತದೆ. ಹಾಳೆಯಿಲ್ಲದೆ ನಾನು ನಿನಗೆ ಏನೆಂದು ಬರೆಯಲಿ? ಮಗನಿಲ್ಲದ ಮೇಲೆ ಸೊಸೆ ಎನ್ನುವುದು ಎಷ್ಟು ದಿನದ ಮಾತು?

ನಿನ್ನ ಅತ್ತೆ


ಆಗಸ್ಟ್ 25

ಅತ್ತೆ,

ನಿಮ್ಮ ಪತ್ರವನ್ನು ಎಷ್ಟೋ ಸಲ ಓದಿದೆ. ‘ಹೂಂ’ ಎನ್ನಲಾರೆ.

ನನ್ನ ನೌಕರಿಗೆ ಹೆದರಿ ಅಲ್ಲ. ಹಾಳೆಯ ತಲೆಯ ಮೇಲೆ ‘ಕೇಳಿಸಿದ್ದನ್ನಷ್ಟೇ ಬರೆಯಿರಿ’ ಎಂದು ಅಚ್ಚಾಗಿದೆಯಲ್ಲ, ಆ ಸಾಲನ್ನು ನಿಮ್ಮ ಮಗನೇ ಬರೆದದ್ದು. ‘ಇರಬೇಕು ಅನ್ನಿಸಿದ್ದನ್ನು ಬರೆಯುವುದಕ್ಕೆ ಕವಿತೆ ಇದೆ, ನೀನು ಬೇಕಾದರೆ ಓದಿಕೋ, ಇಲ್ಲಿ ತರಬೇಡ’ ಎಂದು ನನ್ನನ್ನು ಅಣಕಿಸುತ್ತಿದ್ದರು. ನೀವು ಕೇಳದ ಕಪ್ಪೆಯನ್ನು ನೀವು ಬರೆದು, ನಾನು ಸಹಿ ಹಾಕಿದರೆ, ಆ ಹೊಂಡ ಉಳಿಯಬಹುದು. ಅವರ ಜಾಗವಾಗಿ ಉಳಿಯುವುದಿಲ್ಲ.

ನಿನ್ನೆ ಸಹಿ ಹಾಕಿ ಕಳಿಸಿದೆ.

ಇದರ ಜೊತೆ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ. ದನಿ ಮುದ್ರಿಸುವ ಯಂತ್ರ. ಜಾಗವೊಂದನ್ನು ಪಟ್ಟಿಯಿಂದ ತೆಗೆದಾಗ ಅಲ್ಲಿನ ಕೊನೆಯ ಸದ್ದುಗಳನ್ನು ಹಿಡಿದಿಡುವುದು ನಮ್ಮ ಪದ್ಧತಿ. ಜೊಂಡಿನ ಪಕ್ಕದ ಕಂಬಕ್ಕೆ ಕಟ್ಟಿ ಸಾಕು. ಸಂಜೆಯಾದರೆ ತಾನೇ ಶುರುವಾಗುತ್ತದೆ, ತಾನೇ ನಿಲ್ಲುತ್ತದೆ. ಒಂದು ವಾರ ಬಿಟ್ಟು ಬಿಚ್ಚಿ ಅಂಚೆಗೆ ಹಾಕಿ.

ಪತ್ರ ನಿಲ್ಲುವುದಿಲ್ಲ ಅತ್ತೆ.

ನಿಮ್ಮ ಸೊಸೆ


ಸೆಪ್ಟೆಂಬರ್ 20

ತಾಯಿ,

ಪೆಟ್ಟಿಗೆಯನ್ನು ಹೋದ ವಾರವೇ ಅಂಚೆಗೆ ಹಾಕಿದೆ.

ಮರುದಿನ ಲಾರಿಗಳು ಬಂದವು. ಹಳೆಯ ಗೋಡೆ ಒಡೆದ ಕಲ್ಲು, ಇಟ್ಟಿಗೆಚೂರು, ಎಲ್ಲಿಯದೋ ಕೆಂಪು ಮಣ್ಣು. ಮೊದಲು ಜೊಂಡಿನ ಮೂಲೆ. ನೀರು ಹೋಗಲು ದಾರಿಯಿಲ್ಲದೆ ರಸ್ತೆಗೆ ಉಕ್ಕಿತು, ದೊಡ್ಡ ಕಪ್ಪೆಗಳು ಅದರ ಜೊತೆ ಬಂದವು. ಬಸ್ಸುಗಳು ನಿಲ್ಲುವುದಿಲ್ಲವಲ್ಲ. ಶಾಲೆಗೆ ಹೋಗುವ ಮಕ್ಕಳು ದಾಟಲಾರದೆ ಅಲ್ಲೇ ನಿಂತಿದ್ದರು.

ಕಾವಲುಗಾರನಿಗೆ “ಇನ್ನಾದ್ರೂ ನಿದ್ದೆ ಮಾಡಯ್ಯಾ” ಅಂದೆ. ಅವನು ತಲೆ ತಗ್ಗಿಸಿ ಏನೋ ಹೇಳಿದ. ತಗ್ಗಿಸಿದ್ದರಿಂದ ತಿಳಿಯಲಿಲ್ಲ.

ನಿನ್ನ ಮೇಲೆ ಬೇಸರವಿಲ್ಲ. ಅವನಿದ್ದಿದ್ದರೂ ಹಾಗೇ ಮಾಡುತ್ತಿದ್ದ. ಇಬ್ಬರೂ ಒಂದೇ ಜಾತಿಯ ಮೊಂಡರು.

ನಿನ್ನ ಅತ್ತೆ


ನವೆಂಬರ್ 12

ಅತ್ತೆ,

ಇದನ್ನು ಬರೆಯದೇ ಇರಬಹುದಿತ್ತು. ಪೆಟ್ಟಿಗೆ ಇಟ್ಟ ಕಪಾಟಿಗೆ ಬೀಗವಿದೆ, ಕೀಲಿ ನನ್ನ ಹತ್ತಿರವಿದೆ, ಆ ಮುದ್ರಣವನ್ನು ಇನ್ನು ಯಾರೂ ಕೇಳಬೇಕಾಗಿಲ್ಲ. ನಾಲ್ಕು ದಿನ ಹಾಗೇ ಅಂದುಕೊಂಡೆ. ಆದರೆ ನಿಮಗೆ ‘ಕೇಳಿಸಿದ್ದನ್ನಷ್ಟೇ’ ಎಂದು ಪಾಠ ಹೇಳಿದವಳು ನಾನು.

ಮಳೆಗಾಲದ ಪೆಟ್ಟಿಗೆಗಳನ್ನೆಲ್ಲ ಕೇಳಿ ಮುಗಿಸಿ, ನಿಮ್ಮದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಆಫೀಸಿನ ಹಿಂದಿನ ಕೋಣೆ, ಮಧ್ಯಾಹ್ನ, ಕಿಟಕಿ ಮುಚ್ಚಿತ್ತು. ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡೆ. ಮೊದಲು ದೊಡ್ಡ ಕಪ್ಪೆಗಳು. ಅವುಗಳ ಮೇಲೆ, ಸುತ್ತ, ಒಳಗೆ, ಎಲ್ಲ ಕಡೆಯಿಂದ ಗಿಲಕಿ. ಒಂದಲ್ಲ. ಎಣಿಸಲಾಗಲಿಲ್ಲ. ಇಡೀ ಜೊಂಡು ಅಲ್ಲಾಡುತ್ತಿರುವ ಹಾಗೆ.

ಯಂತ್ರ ಕೆಟ್ಟಿದೆ ಅಂದುಕೊಂಡೆ. ಬೇರೆ ಜಾಗದ್ದು ಬೆರೆತಿದೆ ಅಂದುಕೊಂಡೆ. ಆಗ ಹೆಜ್ಜೆಯ ಸದ್ದು ಬಂತು. ಯಾರೋ ಕಲ್ಲಿನ ಮೇಲೆ ಕೂತರು, ಕೆಮ್ಮಿದರು. ತುಂಬ ಹೊತ್ತು ಏನೂ ಇಲ್ಲ, ಕಪ್ಪೆಗಳಷ್ಟೇ. ಆಮೇಲೆ ಆ ಗದ್ದಲದ ನಡುವೆ ನಿಮ್ಮ ದನಿ: “ಇವತ್ತೂ ಇಲ್ಲ ಕಣೋ ಪುಟ್ಟ.”

ವಾರಕ್ಕೊಮ್ಮೆ ಹೋಗುತ್ತಿದ್ದ ನೀವು ಆ ವಾರದ ಪ್ರತಿ ಸಂಜೆಯ ಮುದ್ರಣದಲ್ಲೂ ಇದ್ದೀರಿ. ಪ್ರತಿ ಸಂಜೆಯೂ ಅದೇ ಮಾತು. ಪ್ರತಿ ಸಂಜೆಯೂ ಅವು ನಿಮ್ಮ ಸುತ್ತ ಕೂಗುತ್ತಿದ್ದವು.

ಅತ್ತೆ, ಕಪ್ಪೆಗಳು ಹೋಗಿರಲಿಲ್ಲ. ನಿಮ್ಮ ಕಿವಿ ಹೋಗಿತ್ತು. ಪೂರ್ತಿಯಲ್ಲ. ಯಂತ್ರಗಳ ಅಬ್ಬರದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಮೊದಲು ಹೋಗುವುದು ಸಣ್ಣ, ಚೂಪಾದ ದನಿಗಳು ಎಂದು ಇಲ್ಲಿನ ಕಿವಿಯ ಡಾಕ್ಟರು ಹೇಳಿದರು. ದಪ್ಪ ದನಿಗಳು ಉಳಿಯುತ್ತವೆ. ಅದಕ್ಕೇ ನಿಮ್ಮ ಉಳಿದ ಲೆಕ್ಕವೆಲ್ಲ ಸರಿಯಾಗಿತ್ತು. ಎದುರಿಗಿದ್ದವರ ತುಟಿ ನೋಡಿ ನೀವು ಎಲ್ಲ ತಿಳಿದುಕೊಳ್ಳುತ್ತಿದ್ದಿರಿ, ಆದ್ದರಿಂದ ನಮಗಾಗಲಿ ನಿಮಗಾಗಲಿ ಗೊತ್ತಾಗಲಿಲ್ಲ. ಫೋನು, ಕೆಟಲು, ಕಾವಲುಗಾರನ ಮಾತು, ಎಲ್ಲವನ್ನೂ ನೀವೇ ಬರೆದು ಕಳಿಸಿದ್ದಿರಿ. ನಾನು ಓದಿದ್ದೆ.

ಮುಖ್ಯಸ್ಥರಿಗೆ ಕೇಳಿಸಿದೆ. ಅವರು ಕಿವಿಯಿಂದ ತೆಗೆದಿಟ್ಟು, “ದಾಖಲೆ ತಿದ್ದಬಹುದಮ್ಮ, ಹೊಂಡ ಎಲ್ಲಿಂದ ತರೋದು?” ಅಂದರು. ದಾಖಲೆ ತಿದ್ದಿದೆ. ಮೂರೂ ಮಳೆಗಾಲದ ‘ಇಲ್ಲ’ವನ್ನು ಹೊಡೆದುಹಾಕಿ ‘ತಿಳಿಯದು’ ಎಂದು ಬರೆದೆ. ಕೊನೆಯ ವಾರಕ್ಕೆ ‘ಗುಂಪು’.

ಆಗಸ್ಟಿನಲ್ಲಿ ನೀವು ‘ಒಂಟಿ’ ಎಂದು ಸುಳ್ಳು ಬರೆಯಲೇ ಎಂದು ಕೇಳಿದ್ದಿರಿ. ಅದು ಸತ್ಯಕ್ಕಿಂತ ತುಂಬ ಕಡಿಮೆಯಾಗಿತ್ತು.

ನಿಮ್ಮ ಸೊಸೆ


ಫೆಬ್ರವರಿ 2

ಅತ್ತೆ,

ನಿಮ್ಮ ಉತ್ತರ ಬಂದಿಲ್ಲ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಕೇಳಿಸದೆಯೋ, ಕೇಳಿಸಿಯೋ? ಹೊಸ ವರ್ಷಕ್ಕೆ ಬರಬೇಕೆಂದು ಟಿಕೆಟು ತೆಗೆಸಿ ಹಿಂದಿರುಗಿಸಿದೆ. ಬಾಗಿಲಲ್ಲಿ ನಿಂತು ಏನು ಹೇಳಲಿ?

ಇನ್ನೊಂದು ವಿಷಯವೂ ಇದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ಜೊತೆ ಅದನ್ನು ಬರೆಯಲಾರೆ.

ಹೇಗಿದ್ದೀರಿ ಎಂದು ಒಂದು ಸಾಲು ಬರೆಯಿರಿ. ಈ ಸಲ ಕವರಿನ ಮೇಲೆ ನಾನೇ ಬರೆದಿದ್ದೇನೆ.

ನಿಮ್ಮ ಸೊಸೆ


ಜೂನ್ 9

ತಾಯಿ,

ನಿನ್ನ ನವೆಂಬರಿನ ಕಾಗದವನ್ನು ಓದಿ, ಮಡಚಿ, ಅಡುಗೆಮನೆಯ ಡಬ್ಬಿಯ ಅಡಿ ಇಟ್ಟೆ. ಸಿಟ್ಟು ಬಂದಿತ್ತು. ಯಾರ ಮೇಲೆಂದು ಗೊತ್ತಾಗಲಿಲ್ಲ, ಆದ್ದರಿಂದ ನಿನ್ನ ಮೇಲೆಂದುಕೊಂಡೆ. ಎತ್ತರದಲ್ಲಿದ್ದ ಡಬ್ಬಿ, ದಿನಾ ಕೈಚಾಚಿದಾಗಲೆಲ್ಲ ಕಾಗದ ಬೆರಳಿಗೆ ತಾಗುತ್ತಿತ್ತು. ಚಳಿಗಾಲ ಹೀಗೆ ಕಳೆಯಿತು.

ಮಾರ್ಚಿನಲ್ಲಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಚಿಕ್ಕವಳು, ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಳು. “ಅದನ್ನ ತೆಗಿಯಮ್ಮಾ, ಇಲ್ಲದಿದ್ರೆ ನನಗೆ ನೀನು ಮೂಕಿ” ಅಂದೆ. ತೆಗೆದು, “ಎಷ್ಟು ದಿನದಿಂದ ಹೀಗಿದೆ?” ಅಂದಳು. “ಮಗ ಹೋದಾಗಿನಿಂದ” ಅಂದೆ. ಅವಳು ಪೆನ್ನು ಕೆಳಗಿಟ್ಟಳು. ಆಮೇಲೆ ಗಿರಣಿಯಲ್ಲಿ ಎಷ್ಟು ವರ್ಷ ಇದ್ದೆ ಎಂದು ಕೇಳಿದಳು.

ಈಗ ಎರಡೂ ಕಿವಿಗೆ ಯಂತ್ರವಿದೆ. ಮೊದಲ ದಿನ ಮನೆಗೆ ಬಂದು ಬಾಗಿಲು ಹಾಕಿಕೊಂಡೆ, ಯಾರೋ ಒಳಗಿದ್ದಾರೆ ಎಂದು ಹೆದರಿದೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ಗೋಡೆ ಗಡಿಯಾರ. ನನ್ನ ಸೀರೆಯ ಸರಬರ. ಕೆಟಲನ್ನು ಇಟ್ಟೆ, ಸೀಟಿ ಹೊಡೆದದ್ದಕ್ಕೆ ಕೈಯಲ್ಲಿದ್ದ ಲೋಟ ಬಿತ್ತು. ಅದು ಕೆಟ್ಟೇ ಇರಲಿಲ್ಲ, ಕಣೇ. ಅವನು ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ ಎಂದು ನಿನಗೆ ಎಷ್ಟು ಸಲ ಬರೆದೆ. ಅದೆಲ್ಲ ದುಃಖ ಅಂದುಕೊಂಡಿದ್ದೆ. ಒಂದಿಷ್ಟು ಕಿವಿಯದಾಗಿತ್ತು. ಯಾವುದೆಷ್ಟು ಎಂದು ಈಗ ಬೇರೆ ಮಾಡಲು ಬರುತ್ತಿಲ್ಲ.

ಕೋಣನ ಮುಂದೆ ಕಿನ್ನರಿ ಎನ್ನುತ್ತಾರಲ್ಲ. ಮೂರು ಮಳೆಗಾಲ ಆ ಕೋಣ ನಾನಾಗಿ ಕಲ್ಲಿನ ಮೇಲೆ ಕೂತಿದ್ದೆ.

ಒಂದು ಯೋಚನೆ ಮಾತ್ರ ಬಿಡುತ್ತಿಲ್ಲ. ಪುಟ್ಟ ಇದ್ದಾಗ, “ಕೇಳ್ತಾ ಅಮ್ಮಾ?” ಎಂದು ನನ್ನ ಕಡೆ ತಿರುಗುತ್ತಿದ್ದ. ನಾನು ಹೂಂ ಎನ್ನುತ್ತಿದ್ದೆ. ಆಗಲಾದರೂ ನನಗೆ ನಿಜವಾಗಿ ಕೇಳಿಸುತ್ತಿತ್ತೋ, ಇಲ್ಲ, ಕೇಳಿದಾಗ ಅವನ ಮುಖ ಆಗುತ್ತಿದ್ದ ಬಗೆಯನ್ನೇ ನಾನು ಗಿಲಕಿ ಎಂದುಕೊಂಡಿದ್ದೆನೋ. ಆ ಮುದ್ರಣವನ್ನು ಕಳಿಸುತ್ತೇನೆ ಎನ್ನಬೇಡ. ಕೇಳಿ, ಇದನ್ನು ನಾನು ಹಿಂದೆಂದೂ ಕೇಳಿಯೇ ಇಲ್ಲ ಎಂದು ಗೊತ್ತಾದರೆ ನನಗೆ ಏನು ಉಳಿಯುತ್ತದೆ?

ನಿನ್ನ ಆ ಇನ್ನೊಂದು ವಿಷಯ ನನಗೆ ಹೋದ ವರ್ಷವೇ ತಿಳಿದಿದೆ. ಎಲ್ಲರ ಕವರುಗಳನ್ನೂ ಬರೆಯುವವನು ಒಬ್ಬರ ಕವರಿನ ಮೇಲೆ ಅಷ್ಟು ಆಸ್ಥೆಯಿಂದ ಬರೆಯುವುದಿಲ್ಲ. ಕರೆದುಕೊಂಡು ಬಾ. ಮೀಸೆಯಿದ್ದರೆ ಸಣ್ಣದು ಮಾಡಿಕೊಂಡು ಬರಲಿ. ಯಂತ್ರವಿದ್ದರೂ ನನಗೆ ತುಟಿ ಕಾಣಬೇಕು.

ನಿನ್ನೆ ಮೊದಲ ಮಳೆ ಬಂತು. ಸಂಜೆ ಡಿಪೋಗೆ ಹೋದೆ. ಕಲ್ಲು ಇಲ್ಲ, ಅದಿದ್ದ ಜಾಗದಲ್ಲಿ ಬಸ್ಸುಗಳಿಗೆ ಬಿಳಿ ಗೆರೆ ಎಳೆದಿದ್ದಾರೆ. ಹಳೆಯ ಕಾವಲುಗಾರನೇ ಇದ್ದಾನೆ, ಒಂದು ಕುರ್ಚಿ ತಂದು ಹಾಕಿದ. “ಏನೂ ಇಲ್ಲ ಬಿಡಮ್ಮಾ, ಯಾಕೆ ಸುಮ್ನೆ ನೆನೀತೀರಿ” ಅಂದ. ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿತು. ಕತ್ತಲು ಕವಿಯುವವರೆಗೆ ಕೂತಿದ್ದೆ. ತಗಡಿನ ಮಾಡಿನ ಮೇಲೆ ಹನಿ, ಎಲ್ಲೋ ಒಂದು ಎಂಜಿನ್ನು. ನನ್ನ ಕಿವಿಯ ಯಂತ್ರವನ್ನು ಎಷ್ಟು ಹೆಚ್ಚಿಸಬಹುದೋ ಅಷ್ಟು ಹೆಚ್ಚಿಸಿದೆ.

ನೀನು ಕಳಿಸಿದ್ದ ಹಾಳೆಗಳು ಮುಗಿದಿವೆ, ಆದ್ದರಿಂದ ನಾನೇ ಗೆರೆ ಎಳೆದಿದ್ದೇನೆ. ಸೊಟ್ಟಗಿದ್ದರೆ ಅಚ್ಚಿನ ಅಕ್ಷರದವನು ನಗದಿರಲಿ. ದೊಡ್ಡ ಕಪ್ಪೆ, ಇಲ್ಲ. ಕಂದು ಕಪ್ಪೆ, ಇಲ್ಲ. ಗಿಲಕಿಗಪ್ಪೆ, ಇಲ್ಲ.

ಈ ‘ಇಲ್ಲ’ವನ್ನು ತಿದ್ದಬೇಡ. ಇದು ಕೇಳಿಸಿ ಬರೆದದ್ದು. ಹೊಸ ಹಾಳೆಗಳಿದ್ದರೆ ಕಳಿಸು. ಖಾಲಿ ಬಿಟ್ಟರೆ ಯಾರೂ ಹೋಗಿರಲಿಲ್ಲ ಎಂದಾಗುತ್ತದೆ ಎಂದು ಹೇಳಿದವಳು ನೀನೇ ಅಲ್ಲವೇ?

ನಿನ್ನ ಅತ್ತೆ